ಜಲಾಶಯದ ಮಟ್ಟ ಕದಲದಿದ್ದರೆ

ಜಲಾಶಯದ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿರಲಿ ಎಂಬ ಬೇಡಿಕೆ ನನಗೆ ಅರ್ಥವಾಗುತ್ತದೆ. ದಡದಂಚಿನ ಜೊಂಡಿನ ಬುಡಕ್ಕೆ ಅಂಟಿಕೊಂಡ ಮೀನಿನ ಮೊಟ್ಟೆಗಳು, ಮಟ್ಟ ಎರಡು ಅಡಿ ಇಳಿದರೂ ಬಿಸಿಲಿಗೆ ಒಣಗಿಹೋಗುತ್ತವೆ. ಏರಿದರೆ ನೀರಂಚಿನ ಹಕ್ಕಿಗೂಡುಗಳು ಮುಳುಗುತ್ತವೆ. ಆದರೆ ಮಟ್ಟ ಕದಲಬಾರದೆಂದರೆ ಬಂದಷ್ಟು ನೀರನ್ನೂ ಬಿಡಲೇಬೇಕು. ಆಗ ಪ್ರವಾಹ ತಡೆಯಲು ಖಾಲಿ ಜಾಗವೆಲ್ಲಿ, ಬೇಸಿಗೆಗೆ ದಾಸ್ತಾನೆಲ್ಲಿ? (ಅಲೆಗಳೂ ಒಂದೇ ಗೆರೆಯಲ್ಲಿ ದಡವನ್ನು ಕೊರೆಯುತ್ತವೆ.) ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲೇ ಉಲ್ಲಂಕಿಗಳು ಕೊಕ್ಕು ಊರಿ ಹುಳು ಹೆಕ್ಕುವುದು, ಎಷ್ಟೋ ಬೀಜಗಳು ಮೊಳೆಯುವುದು. ಮೀನು ಮೊಟ್ಟೆಯಿಡುವ ಕೆಲವು ವಾರ ಮಟ್ಟವನ್ನು ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಇಳಿಸುವುದೇ ನನಗೆ ಸರಿಯೆನಿಸುತ್ತದೆ. ದೋಣಿಯವರು ಅಷ್ಟು ಕೆಸರು ದಾಟಲು ಒಪ್ಪಬೇಕು.