ಆ ಬೈನರಿ ಯಾವ ಸೋರ್ಸ್‌ನದು?

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಮ್ಮ ತಂತ್ರಾಂಶವಿದ್ದ ಯಂತ್ರ ಕೆಲಸದ ನಡುವೆಯೇ ನಿಂತುಹೋಗಿ, ಅದರ ಕೋರ್ ಡಂಪ್ (ಪ್ರೋಗ್ರಾಂ ಬಿದ್ದ ಕ್ಷಣದ ಮೆಮೊರಿಯ ನಕಲು) ನಮ್ಮ ಹಿಂಜವಡಿಯ ಕಚೇರಿಗೆ ಬಂದಿತು. ಯಂತ್ರದ ಪರದೆಯ ಮೇಲೆ ಆವೃತ್ತಿ 2.3 ಎಂದಿತ್ತು, ಕೋಡ್‌ನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿಯೂ 2.3ರ ಟ್ಯಾಗ್, ಅಂದರೆ ಆ ಆವೃತ್ತಿಯ ಗುರುತು, ಇತ್ತು. ಆದರೆ ಆ ಟ್ಯಾಗ್‌ನ ಸೋರ್ಸ್ (ನಾವು ಬರೆದ ಮೂಲ ಕೋಡ್; ಅದರಿಂದ ತಯಾರಾಗಿ ಯಂತ್ರದಲ್ಲಿ ಓಡುವ ಕಡತವೇ ಬೈನರಿ) ಇಟ್ಟುಕೊಂಡು ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ನೋಡಿದಾಗ, ಪ್ರೋಗ್ರಾಂ ಬಿದ್ದ ಜಾಗವೆಂದು ಅದು ತೋರಿಸಿದ್ದು ಬರೀ ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ ಟಿಪ್ಪಣಿ, ಇದ್ದ ಸಾಲನ್ನು.

"ಸರ್, ಕಾಮೆಂಟ್ ಹೆಂಗ ಕ್ರ್ಯಾಶ್ ಆಗ್ತೈತ್ರಿ? ಈ ಸೋರ್ಸ್ ಆ ಬೈನರೀದಲ್ಲ" ಎಂದರು ಧಾರವಾಡದ ಸಹೋದ್ಯೋಗಿ.

ಅದನ್ನು ಖಚಿತಪಡಿಸಿಕೊಳ್ಳುವುದು ಸುಲಭವಿರಲಿಲ್ಲ. ಟ್ಯಾಗ್‌ನಿಂದ ಹೊಸದಾಗಿ ಬಿಲ್ಡ್ ಮಾಡಿದ, ಅಂದರೆ ತಯಾರಿಸಿದ, ಬೈನರಿಯ ಚೆಕ್‌ಸಮ್ (ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿದ ಸಂಖ್ಯೆ) ಕಾರ್ಖಾನೆಯ ಬೈನರಿಯದಕ್ಕೆ ಹೊಂದಲಿಲ್ಲ, ನಿಜ. ಆದರೆ ಕಂಪೈಲ್ ಆದ ದಿನಾಂಕ, ಸಮಯ, ಫೋಲ್ಡರಿನ ಪೂರ್ಣ ಹಾದಿ ಇವೆಲ್ಲ ಬೈನರಿಯೊಳಗೆ ಸೇರಿಕೊಳ್ಳುವಂತಿದ್ದರೆ, ಒಂದೇ ಸೋರ್ಸ್‌ನಿಂದ ಎರಡು ಸಲ ಬಿಲ್ಡ್ ಮಾಡಿದರೂ ಚೆಕ್‌ಸಮ್ ಬೇರೆಯಾಗುತ್ತದೆ. ಒಂದೇ ಸೋರ್ಸ್‌ನಿಂದ ಯಾರು ಬಿಲ್ಡ್ ಮಾಡಿದರೂ ಒಂದು ಬೈಟ್ ಕೂಡ ವ್ಯತ್ಯಾಸವಾಗಬಾರದೆಂದು ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ ಡೆಬಿಯನ್‌ನ ಬಳಗ 2013ರಿಂದ ಶ್ರಮಿಸುತ್ತಿರುವುದು ಎಷ್ಟು ಅಗತ್ಯದ ಕೆಲಸವೆಂದು ನನಗೆ ಅಂದು ಮನದಟ್ಟಾಯಿತು. ಕೊನೆಗೆ ಆಬ್ಜ್‌ಡಂಪ್ ಎಂಬ ಸಾಧನದಿಂದ ಎರಡೂ ಬೈನರಿಗಳನ್ನು ಅಸೆಂಬ್ಲಿಗೆ (ಯಂತ್ರದ ಸೂಚನೆಗಳನ್ನು ಓದಬಲ್ಲಂತೆ ಬರೆದ ರೂಪಕ್ಕೆ) ಇಳಿಸಿ, ಮೆಮೊರಿ ವಿಳಾಸಗಳನ್ನು ಬದಿಗಿಟ್ಟು, ಒಂದೊಂದೇ ಫಂಕ್ಷನ್ ಹೋಲಿಸುತ್ತ ಹೋದೆವು. ಸೆನ್ಸರಿನ ಉತ್ತರಕ್ಕಾಗಿ ಕಾಯುವ ಫಂಕ್ಷನ್ ಮಾತ್ರ ಬೇರೆಯಿತ್ತು. ನಮ್ಮ ಸೋರ್ಸ್‌ನಲ್ಲಿ ಕಾಯುವ ಅವಧಿ 5000 ಮಿಲಿಸೆಕೆಂಡ್. ಕಾರ್ಖಾನೆಯ ಬೈನರಿಯಲ್ಲಿ ಅದೇ ಜಾಗದಲ್ಲಿ ಹೆಕ್ಸಾಡೆಸಿಮಲ್ (16ರ ಆಧಾರದ ಎಣಿಕೆ) ಬಿಬಿ8, ಅಂದರೆ 3000. ಅವಧಿ ಮುಗಿದೊಡನೆ ಉತ್ತರಕ್ಕೆಂದು ಕಾದಿರಿಸಿದ್ದ ಮೆಮೊರಿ, ಅಂದರೆ ಬಫರ್, ಬಿಡುಗಡೆಯಾಗುತ್ತಿತ್ತು, ತಡವಾಗಿ ಬಂದ ಉತ್ತರ ಆ ಬಿಟ್ಟುಕೊಟ್ಟ ಮೆಮೊರಿಗೇ ಬರೆಯುತ್ತಿತ್ತು. ಕಾರ್ಖಾನೆಯವರ ಅವಸರಕ್ಕೆ ಯಾರದೋ ಲ್ಯಾಪ್‌ಟಾಪಿನಲ್ಲಿ ಆಗಿದ್ದ ಆ ಬದಲಾವಣೆ ಕಮಿಟ್ ಆಗಿರಲೇ ಇಲ್ಲ, ಅಂದರೆ ಗಿಟ್‌ನಲ್ಲಿ ದಾಖಲಾಗಿರಲಿಲ್ಲ, 2.3 ಎಂಬ ಸಂಖ್ಯೆ ಮಾತ್ರ ಹಾಗೆಯೇ ಉಳಿದಿತ್ತು.

ಕೈಯಿಂದ ಟೈಪ್ ಮಾಡುವ ಆವೃತ್ತಿ ಸಂಖ್ಯೆಯ ಮೇಲೆ ನನಗೆ ಅಂದಿನಿಂದ ನಂಬಿಕೆಯಿಲ್ಲ. ಈಗ ಬಿಲ್ಡ್ ಸರ್ವರ್ 'ಗಿಟ್ ಡಿಸ್ಕ್ರೈಬ್' ಆಜ್ಞೆ ಕೊಡುವ ಕಮಿಟ್ ಗುರುತನ್ನೇ ಬೈನರಿಯೊಳಗೆ ಸೇರಿಸುತ್ತದೆ. ಕಮಿಟ್ ಆಗದ ಬದಲಾವಣೆಯಿದ್ದರೆ ಗುರುತಿನ ಕೊನೆಗೆ 'ಡರ್ಟಿ' ಎಂದು ಬರುತ್ತದೆ, ಅಂಥದ್ದು ಗ್ರಾಹಕರಿಗೆ ಹೋಗುವುದಿಲ್ಲ. ಡೀಬಗ್ ಸಿಂಬಲ್‌ಗಳನ್ನು (ಬೈನರಿಯ ಯಾವ ಭಾಗ ಸೋರ್ಸ್‌ನ ಯಾವ ಸಾಲಿನದೆಂಬ ಮಾಹಿತಿ) ಬೈನರಿಯಲ್ಲೇ ಇರುವ ಗುರುತು ಸಂಖ್ಯೆಯಾದ ಬಿಲ್ಡ್ ಐಡಿಯ ಹೆಸರಿನಲ್ಲೇ ಕಾದಿಡುತ್ತೇವೆ. ಪುಣೆ ಬಳಿಯ ಚಾಕಣದ ಹಳೆಯ ಯಂತ್ರಗಳಿಂದಲೂ ಬಿಲ್ಡ್ ಐಡಿ ತರಿಸಿದಾಗ, 2.3 ಎಂದೇ ತೋರಿಸುವ ಇನ್ನೊಂದು ಬೈನರಿ ಸಿಕ್ಕಿತು. ಅದರ ಸೋರ್ಸ್ ಹುಡುಕುವ ಕೆಲಸ ಇನ್ನೂ ನಡೆದಿದೆ.