ಟ್ರಾಮ್ ಇಲ್ಲದ ಟ್ರಾಮ್ ರೋಡ್

ಇವತ್ತು ನಮ್ಮ ಬೀದಿಯ ಕೊನೇ ಹಂಚಿನ ಮನೆಯನ್ನೂ ಕೆಡವಿದರು, ಹಿತ್ತಲಿನ ನಿಂಬೆ ಗಿಡದ ಸಮೇತ. ನೋಡ್ತಾ ನಿಂತಿದ್ದಾಗ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯ್ತು.

ಮೆಲ್ಬರ್ನಿನ ಬಾಕ್ಸ್ ಹಿಲ್ ಅಂದರೆ ಒಂದು ಕಾಲದಲ್ಲಿ ಹೀಗೇ, ಒಂದು ಮನೆಗೆ ಒಂದು ದೊಡ್ಡ ಹಿತ್ತಲು. ಈಗ ಸ್ಟೇಷನ್ ಸುತ್ತ ಮೂವತ್ತು ಮಹಡಿ ದಾಟಿದ ಕಟ್ಟಡಗಳು. ತಪ್ಪು ಅನ್ನಲಾರೆ. ರೈಲು, 109ನೇ ನಂಬರ್ ಟ್ರಾಮ್, ದೊಡ್ಡ ಆಸ್ಪತ್ರೆ ಎಲ್ಲ ಕಾಲ್ನಡಿಗೆಯ ದೂರದಲ್ಲಿರುವಾಗ ಜನ ಇಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ನಾವೂ ಹಾಗೇ ಬಂದವರು.

ಮೊನ್ನೆ ಡಾನ್‌ಕಾಸ್ಟರ್ ಕಡೆ ಹೋಗುವಾಗ ಮಗಳು ಕೇಳಿದಳು, "ಅಪ್ಪಾ, ಟ್ರಾಮ್ ರೋಡಲ್ಲಿ ಟ್ರಾಮೇ ಇಲ್ವಲ್ಲ?" ಇತ್ತು ಪುಟ್ಟೀ. 1889ರಲ್ಲಿ ಬಾಕ್ಸ್ ಹಿಲ್‌ನಿಂದ ಡಾನ್‌ಕಾಸ್ಟರಿಗೆ ಎಲೆಕ್ಟ್ರಿಕ್ ಟ್ರಾಮ್ ಓಡ್ತಿತ್ತು, ಇಡೀ ದಕ್ಷಿಣ ಗೋಳಾರ್ಧಕ್ಕೇ ಮೊದಲನೆಯದು. ಆಗ ಸುತ್ತ ಬರೀ ಹಣ್ಣಿನ ತೋಟ, ಜನ ಕಮ್ಮಿ. 1896ಕ್ಕೆ ನಿಂತೇ ಹೋಯ್ತು.

ಈಗ ಜನ ಮೊದಲು ಬಂದಿದ್ದಾರೆ, ಹಳಿ ಹಿಂದಿನಿಂದ ಬರ್ತಿದೆ. ಚೆಲ್ಟನ್‌ಹ್ಯಾಮ್‌ನಿಂದ ಇಲ್ಲಿಯವರೆಗೆ 26 ಕಿ.ಮೀ. ಸುರಂಗ ರೈಲು, 2035ಕ್ಕೆ ಓಡಿಸುವ ಯೋಜನೆ. ದಾರಿಯಲ್ಲೇ ಮೊನಾಶ್ ಯೂನಿವರ್ಸಿಟಿ. ಮಗಳು ಬೆರಳೆಣಿಸಿ, "ನಾನು ಕಾಲೇಜಿಗೆ ಅದರಲ್ಲೇ ಹೋಗ್ತೀನಿ" ಅಂದಳು.