ಗುಂಡಿಯ ಕತೆ: ಮೂರನೇ ಕರಡು ಮುಗಿಯಿತು

ಅಂತೂ ನನ್ನ ಮಕ್ಕಳ ಚಿತ್ರಪುಸ್ತಕದ ಕತೆಯ ಮೂರನೇ ಕರಡು ಮುಗಿಸಿದೆ. 1,400 ಪದ ಇದ್ದದ್ದು 780ಕ್ಕೆ ಇಳಿದಿದೆ.

ಕತೆ ಇಷ್ಟೇ. ಅಂಗಿಯಿಂದ ಕಿತ್ತುಹೋದ ಗುಂಡಿಯೊಂದು ಬೀರುವಿನ ಅಡಿಗೆ ಉರುಳುತ್ತದೆ. ಅಲ್ಲಿ ಒಂದು ಗೋಲಿ, ಒಂದು ಮೋಟು ಪೆನ್ಸಿಲ್, ಒಂದು ಒಂಟಿ ಓಲೆ ಮೊದಲೇ ಬಂದು ಬಿದ್ದಿವೆ. ಗುಂಡಿಗೆ ತನ್ನ ಕಾಜದ ಹತ್ತಿರ ವಾಪಸ್ ಹೋಗಬೇಕು.

ದೊಡ್ಡವರಿಗೂ ಹಿಡಿಸಲಿ ಅಂತ ಎರಡನೇ ಕರಡಿನಲ್ಲಿ ಅವರಿಗೆ ಮಾತ್ರ ಗೊತ್ತಾಗುವ ಜೋಕುಗಳನ್ನು ತುರುಕಿದ್ದೆ. ಗೋಲಿ ಸಾಲದ ಕಂತಿನ ಬಗ್ಗೆ ಗೊಣಗುತ್ತಿತ್ತು. ಅಕ್ಕ ತನ್ನ ಆರು ವರ್ಷದ ಮಗಳಿಗೆ ಓದಿ ಹೇಳುವಾಗ ಅಲ್ಲಿ ಜೋರಾಗಿ ನಕ್ಕಳು. ಮಗಳು ನಗಲಿಲ್ಲ. ಅಮ್ಮನ ಮುಖ ನೋಡಿ, "ಏನಮ್ಮಾ ಅದು?" ಅಂದಳು. ಕಂತು ಅಂದರೇನು ಅಂತ ಅಕ್ಕ ವಿವರಿಸುವಷ್ಟರಲ್ಲಿ ಕತೆ ಅಲ್ಲೇ ಸತ್ತಿತು. ಅಂಥ ಜೋಕು ಏಳಿದ್ದವು. ಎಲ್ಲ ತೆಗೆದೆ. (ಒಂದನ್ನು ತೆಗೆಯುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.)

ಆದರೆ ಅಕ್ಕ ಓದೋದು ನಿಲ್ಲಿಸಿದ್ದು ಬೇರೆ ಕಡೆ. "ನಿನ್ನನ್ನು ಹುಡುಕ್ತಿದ್ದಾರಾ?" ಅಂತ ಗುಂಡಿ ಓಲೆಯನ್ನು ಕೇಳುತ್ತದೆ. "ಮೊದಮೊದಲು ಹುಡುಕ್ತಿದ್ರು" ಅನ್ನುತ್ತದೆ ಓಲೆ. ಸುಮ್ನೆ ಬರೆದ ಸಾಲು ಅದು. ಅಕ್ಕ ಎರಡು ಕ್ಷಣ ಮಾತಾಡಲಿಲ್ಲ. ಮಗಳಿಗೆ ಮಾತ್ರ ಅದು ಪತ್ತೇದಾರಿ ಸುಳಿವು: "ಹಾಗಾದ್ರೆ ಇನ್ನೊಂದು ಓಲೆ ಎಲ್ಲಿದೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ! ಮೂರನೇ ಕರಡು ಪೂರ್ತಿ ಆ ಪ್ರಶ್ನೆಯ ಹಿಂದೆ ಹೋಯಿತು. ಈಗ ಪೊರಕೆಗೆ ಸಿಕ್ಕಿ ಹೊರಬಂದ ಗುಂಡಿ ಮತ್ತೆ ಅಂಗಿ ಸೇರುತ್ತದೆ. ಅಲ್ಲಿಂದ ನೋಡಿದರೆ, ಮೇಜಿನ ಮೇಲಿನ ಡಬ್ಬಿಯಲ್ಲಿ ಇನ್ನೊಂದು ಓಲೆ ಇದೆ. ಒಂಟಿಯಾದರೂ ಯಾರೂ ಅದನ್ನು ಬಿಸಾಡಿಲ್ಲ.

ಪುಟಗಳ ಲೆಕ್ಕವೂ ಶುರುವಾಗಿದೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಚಿದರೆ 16 ಪುಟ, ಅಂಥವು ಎರಡು. ಶೀರ್ಷಿಕೆ ಇತ್ಯಾದಿ ಕಳೆದರೆ ನನಗೆ ಉಳಿಯುವುದು ಎದುರುಬದುರು ಪುಟಗಳ ಹನ್ನೆರಡು ಜೋಡಿ. ಒಂದೊಂದಕ್ಕೆ 65 ಪದ. ಚಿತ್ರಕ್ಕೂ ಜಾಗ ಬೇಕಲ್ವಾ, ಇದು ಇನ್ನೂ ಜಾಸ್ತಿಯೇ. ಓಲೆಯ ಮಾತನ್ನು ಬಲಪುಟದ ಕೊನೆಗೆ ಇಟ್ಟಿದ್ದೇನೆ. ಓದುವವರು ಪುಟ ತಿರುಗಿಸುವ ಮುಂಚೆ ಸ್ವಲ್ಪ ತಡೆಯಲಿ ಅಂತ.

ಕೊನೆ ಇನ್ನೂ ಕೂತಿಲ್ಲ. ಡಬ್ಬಿಯ ಸುದ್ದಿಯನ್ನು ಬೀರುವಿನ ಅಡಿಗೆ ಮುಟ್ಟಿಸುವುದು ಹೇಗೆ? ಗುಂಡಿಯನ್ನು ಹೊಲಿದುಬಿಟ್ಟಿದ್ದಾರೆ, ಅದು ಅಲ್ಲಾಡುವಂತಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ. ಅಕ್ಕನ ಮಗಳು ತಿಂಡಿ ತಿನ್ನುತ್ತಾ, "ಗೋಲಿ ಇದೆಯಲ್ಲ, ಉರುಳಿಕೊಂಡು ಬಂದು ಕೇಳ್ಕೊಂಡು ಹೋಗುತ್ತೆ" ಅಂದಳು.

ನಾಳೆಯಿಂದ ಗೋಲಿಯನ್ನು ಮತ್ತೆ ಬರೆಯಬೇಕು. ಈ ಸಲ ಕಂತಿನ ಗೊಣಗಾಟ ಇಲ್ಲದೆ.